ಟ್ರೂಡಿಯ ಕೂದಲು, ಮೇಸ್ತ್ರಿಯ ಕೈ

ಸೌತ್‌ಫೀಲ್ಡ್, ಸೇಂಟ್ ಎಲಿಜಬೆತ್,
6 ಜುಲೈ 1997, ಭಾನುವಾರ ಮಧ್ಯಾಹ್ನ

ಪ್ರೀತಿಯ ಐಯೋನಿ,

ನಿನ್ನ ಸೊಂಟನೋವು ಈಗ ಹೇಗಿದೆ? ನೀನು ನೋಡಿಕೊಳ್ಳುವ ಆ ಮುದುಕಮ್ಮನನ್ನು ಹಾಸಿಗೆಯಿಂದ ಒಬ್ಬಳೇ ಎತ್ತಬೇಡ ಎಂದು ಹೋದ ಪತ್ರದಲ್ಲೂ ಬರೆದಿದ್ದೆ. ನೀನು ಕೇಳುವವಳಲ್ಲ, ಆದರೂ ಇನ್ನೊಮ್ಮೆ ಬರೆಯುತ್ತೇನೆ. ಸಿಮೆಂಟ್ ಚೀಲ ಎತ್ತುವಾಗ ನಾನು ಮಂಡಿ ಬಗ್ಗಿಸುತ್ತೇನಲ್ಲ, ಹಾಗೆ ಬಗ್ಗು, ಬೆನ್ನು ಬಗ್ಗಿಸಬೇಡ. ಬ್ರೂಕ್ಲಿನ್‌ನಲ್ಲಿ ಈಗ ಸೆಖೆ ಎಂದು ಕೇಳಿದೆ. ಇಲ್ಲಿಯೂ ಮಳೆಯಿಲ್ಲ, ಟ್ಯಾಂಕಿನಲ್ಲಿ ನೀರು ಅರ್ಧಕ್ಕೆ ಇಳಿದಿದೆ, ಸ್ನಾನ ಮಾಡುವವರನ್ನು ಅಮ್ಮ ಬಾಗಿಲಲ್ಲೇ ನಿಂತು ಗದರಿಸುತ್ತಾಳೆ. ಅವಳ ಬೆರಳುಗಳು ಜನವರಿಯಿಂದ ಸೆಟೆದುಕೊಂಡಿರುವುದು ನಿನಗೆ ಗೊತ್ತೇ ಇದೆ. ಬಾಯಿಗೆ ಮಾತ್ರ ಏನೂ ಆಗಿಲ್ಲ. ಉಳಿದಂತೆ ಎಲ್ಲರೂ ಸೌಖ್ಯ.

ಈಗ ಒಂದು ತಪ್ಪೊಪ್ಪಿಗೆ. ಹೋದ ಭಾನುವಾರ ಅಂಗಡಿಯ ಫೋನಿನಲ್ಲಿ ನಾನು ನಿನಗೆ ಪೂರ್ತಿ ನಿಜ ಹೇಳಲಿಲ್ಲ. ಟ್ರೂಡಿಯ ಕೂದಲಿಗೆ ನೇರ ಮಾಡುವ ಕ್ರೀಮ್ ಹಚ್ಚಿದ್ದು ಹೇಗೆ ಬಂತು ಎಂದು ನೀನು ಕೇಳಿದೆ, ನಾನು ಫಸ್ಟ್ ಕ್ಲಾಸ್ ಎಂದೆ. ನನ್ನ ಹಿಂದೆ ಮೂರು ಜನ ಸರದಿಯಲ್ಲಿ ನಿಂತಿದ್ದರು, ಅಂಗಡಿಯವನು ಅರ್ಧ ಪೌಂಡ್ ಚೀಸನ್ನು ಕತ್ತರಿಸಲು ಹತ್ತು ನಿಮಿಷ ತೆಗೆದುಕೊಳ್ಳುತ್ತಿದ್ದ. ಅಲ್ಲಿ ಹೇಳಿದ್ದು ಸಂಜೆಯೊಳಗೆ ಇಡೀ ಊರಿಗೆ ಹಂಚಿಹೋಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಶಾಲೆಯ ಸಮಾರಂಭದ ಫೋಟೋ ಈ ಲಕೋಟೆಯಲ್ಲೇ ಇದೆ, ಬೇರೆ ಕಾಗದದಲ್ಲಿ ಸುತ್ತಿ ಅಂಟಿಸಿದ್ದೇನೆ. ಪತ್ರ ಓದಿ ಮುಗಿಯುವವರೆಗೆ ಅದನ್ನು ಬಿಚ್ಚಬೇಡ. ಈಗಾಗಲೇ ಬಿಚ್ಚಿರುತ್ತೀಯ, ಇರಲಿ, ಮಡಿಸಿ ಪಕ್ಕಕ್ಕಿಟ್ಟು ಓದು.

ಈಸ್ಟರ್ ಹೊತ್ತಿಗೆ ನೀನು ಹಡಗಿನಲ್ಲಿ ಕಳಿಸಿದ ಸಾಮಾನಿನ ಬ್ಯಾರೆಲ್‌ನಲ್ಲಿ ಅಕ್ಕಿ, ಎಣ್ಣೆ, ನನ್ನ ಬೂಟುಗಳ ಕೆಳಗೆ ಆ ಕ್ರೀಮಿನ ಪೆಟ್ಟಿಗೆ ಇತ್ತಲ್ಲ, ಅದನ್ನು ಟ್ರೂಡಿ ಅಂದಿನಿಂದ ತನ್ನ ದಿಂಬಿನ ಪಕ್ಕ ಇಟ್ಟುಕೊಂಡು ಮಲಗುತ್ತಿದ್ದಳು. ಪರೀಕ್ಷೆಯಲ್ಲಿ ಪಾಸಾಗಿ ಮಾಲ್ವರ್ನ್‌ನ ಹೈಸ್ಕೂಲಿಗೆ ಹೆಸರು ಬಂದ ದಿನವೂ ಅವಳು ಮೊದಲು ಕೇಳಿದ್ದು ಪುಸ್ತಕದ ಬಗ್ಗೆ ಅಲ್ಲ, ಇನ್ನು ಕ್ರೀಮ್ ಹಚ್ಚಬಹುದೇ ಎಂದು. ಸಮಾರಂಭದಲ್ಲಿ ಶಾಲೆ ಬಿಡುವ ಮಕ್ಕಳೆಲ್ಲರ ಪರವಾಗಿ ವಂದನೆ ಹೇಳುವವಳು ಅವಳೇ. ಬೇರೆ ಹುಡುಗಿಯರೆಲ್ಲ ಕೂದಲು ನೇರ ಮಾಡಿಸಿ, ಸುರುಳಿ ಬಿಟ್ಟುಕೊಂಡು ಬರುತ್ತಾರೆ, ಅದು ನಮ್ಮಲ್ಲಿ ಇದ್ದದ್ದೇ. ಆದರೆ ಇವಳಿಗೆ ಬೇಕಾಗಿದ್ದು ಅವರ ಹಾಗಲ್ಲ. ನಮ್ಮ ಮದುವೆಯ ಫೋಟೋವನ್ನು ಗೋಡೆಯಿಂದ ಇಳಿಸಿ ತಂದು ನನ್ನ ಮುಂದೆ ಹಿಡಿದಳು. ನಿನ್ನ ಕೂದಲು ಹೆಗಲ ಮೇಲೆ ಹೇಗೆ ಬಿದ್ದಿದೆಯೋ ಹಾಗೆಯೇ ಬೀಳಬೇಕು. "ಅಮ್ಮ ಫೋಟೋ ನೋಡಿದ ತಕ್ಷಣ ಇದು ನನ್ ಮಗಳೇ ಅಂತ ಗೊತ್ತಾಗ್ಬೇಕು ಅಪ್ಪಾ" ಎಂದಳು. ನಿನ್ನನ್ನು ನೋಡಿ ಅವಳಿಗೆ ಎರಡು ವರ್ಷ ಹತ್ತು ತಿಂಗಳಾಯಿತು. ನೀನು ತನ್ನನ್ನು ಗುರುತು ಹಿಡಿಯುವುದಿಲ್ಲವೋ ಏನೋ ಎಂಬ ಹೆದರಿಕೆ ಆ ಮಗುವಿಗಿದೆ ಎಂದು ನನಗೆ ಅಂದೇ ತಿಳಿದದ್ದು.

ಹಚ್ಚುವವರು ಯಾರು? ಅಮ್ಮನ ಬೆರಳು ಆಗದು. ನೀನು ಹೋಗುವ ದಿನ ಬಸ್ಸಿನ ಮೆಟ್ಟಿಲ ಮೇಲೆ ನಿಂತು ಹೇಳಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ: "ನನ್ ಮಗಳ ತಲೆಗೆ ಕಂಡೋರ ಕೈ ಬೀಳ್ಬಾರದು, ಅದ್ರಲ್ಲೂ ಆ ಐಸಿಲ್ಡಾಳ ಕೈ." ಆ ಮಾತನ್ನು ನಾನು ಒಂದು ದಿನವೂ ಮೀರಿಲ್ಲ. ಬಾಚಣಿಗೆಗೆ ಬಂದ ಕೂದಲನ್ನು ಇಂದಿಗೂ ನಾನೇ ಎತ್ತಿ ಒಲೆಯಲ್ಲಿ ಸುಡುತ್ತೇನೆ, ಹಕ್ಕಿ ಗೂಡಿಗೆ ಒಯ್ಯಲೂ ಬಿಡುವುದಿಲ್ಲ, ಹೊಟ್ಟೆಕಿಚ್ಚಿನವರ ಕೈಗೆ ಸಿಗಲೂ ಬಿಡುವುದಿಲ್ಲ. ಹೀಗಾಗಿ ಉಳಿದವನು ನಾನೊಬ್ಬ. ಇಪ್ಪತ್ತೆರಡು ವರ್ಷದಿಂದ ಗೋಡೆಗೆ ಗಾರೆ ಬಳಿದವನಿಗೆ ಒಂದು ತಲೆಗೆ ಕ್ರೀಮ್ ಬಳಿಯುವುದು ಯಾವ ಮಹಾ ಕೆಲಸ ಎಂದುಕೊಂಡೆ. ಗುರುವಿಲ್ಲದ ವಿದ್ಯೆ ಎಂದು ಅಮ್ಮ ಗೊಣಗಿದಳು. ಅವಳ ಕಾಲದಲ್ಲಿ ಕಬ್ಬಿಣದ ಬಾಚಣಿಗೆಯನ್ನು ಕೆಂಡದ ಮೇಲೆ ಕಾಯಿಸಿ ಎಳೆಯುತ್ತಿದ್ದರಂತೆ, ಅದೇ ಸರಿಯಂತೆ. ಅವಳ ಕಿವಿಯ ಅಂಚಿನಲ್ಲಿರುವ ಸುಟ್ಟ ಕಲೆಯನ್ನು ನಾನು ತೋರಿಸಿದೆ.

ಜೂನ್ ಹದಿನಾಲ್ಕರ ಶನಿವಾರ ಅಡುಗೆಮನೆಯ ಮೆಟ್ಟಿಲಿಗೆ ಕುರ್ಚಿ ಹಾಕಿ ಟ್ರೂಡಿಯನ್ನು ಕೂರಿಸಿದೆ. ಪೆಟ್ಟಿಗೆ ಬಿಚ್ಚಿದರೆ ಒಳಗೆ ಕೈಗವಸು, ಶಾಂಪೂ, ನೀಲಿ ಮುಚ್ಚಳದ ಬಿಳಿ ಡಬ್ಬಿಯಲ್ಲಿ ಕ್ರೀಮ್, ಜೊತೆಗೆ ನೀರಿನಂಥ ಔಷಧದ ಒಂದು ಪುಟ್ಟ ಬಾಟಲಿ. ಅರೆ, ಇದು ನನ್ನ ಮೊಳೆಯ ಡಬ್ಬಿಯ ಅವಳಿ ಎಂದು ನಗು ಬಂತು. ಬಾಗಿಲ ಹಿಂದೆ ನಾನು ಕಾಂಕ್ರೀಟ್ ಮೊಳೆ ತುಂಬಿಟ್ಟಿರುವುದೂ ಅಂಥದೇ ನೀಲಿ ಮುಚ್ಚಳದ ಡಬ್ಬಿಯಲ್ಲಿ. ಕ್ರೀಮಿಗೆ ಹಾಕಿರುವುದರ ಪಟ್ಟಿಯಲ್ಲಿ ಸುಣ್ಣದ ಹೆಸರೂ ಇತ್ತು. ಅದನ್ನು ಓದಿದ್ದೇ ನನ್ನ ಎದೆ ಉಬ್ಬಿತು. ಸುಣ್ಣ ಕಲಸುವುದನ್ನು ನನಗೆ ಯಾರು ಕಲಿಸಬೇಕು? ನೆತ್ತಿಗೆ, ಕಿವಿಗೆ, ಹಣೆಯ ಅಂಚಿಗೆ ವ್ಯಾಸಲೀನ್ ಸರಿಯಾಗಿಯೇ ಸವರಿದೆ. ಆಮೇಲೆ ಆ ಪುಟ್ಟ ಬಾಟಲಿಯನ್ನು ಕ್ರೀಮಿಗೆ ಸುರಿಯಲು ಶುರು ಮಾಡಿದೆ, ಅರ್ಧಕ್ಕೆ ನಿಲ್ಲಿಸಿದೆ. ಯಾಕೆಂದರೆ, ಐಯೋನಿ, ಹದ ಬಂದಿತ್ತು! ಕಲಸಿದ್ದು ಕಡ್ಡಿಯ ಮೇಲೆ ನಿಲ್ಲುತ್ತಿತ್ತು. ಇನ್ನಷ್ಟು ಸುರಿದರೆ ನೀರಾಗಿ ಜಾರುತ್ತದೆ ಎಂದು ನನ್ನ ಕೈ ಹೇಳಿತು. ಗಾರೆಗೆ ನೀರು ಹಾಕುವವನು ಅಳತೆ ನೋಡುವುದಿಲ್ಲ, ಕರಣೆಯ ಮೇಲೆ ನಿಂತರೆ ಸಾಕು. ಉಳಿದ ಅರ್ಧವನ್ನು ಮುಂದಿನ ಸಲಕ್ಕೆ ಎಂದು ಜೋಪಾನವಾಗಿ ಎತ್ತಿಟ್ಟೆ. ಇಡೀ ಬಾಟಲಿ ಹಾಕಿ ಎಂದು ಪೆಟ್ಟಿಗೆಯೊಳಗಿದ್ದ ಸೂಚನೆಯ ಹಾಳೆಯಲ್ಲಿ ದಪ್ಪ ಅಕ್ಷರದಲ್ಲೇ ಬರೆದಿದ್ದರು. ನಾನು ಓದಲಿಲ್ಲ.

ಕತ್ತಿನ ಹಿಂಭಾಗದಿಂದ ಶುರು ಮಾಡಿ ಮುಂದಕ್ಕೆ ಬಂದೆ. ಹೊತ್ತಾಯಿತು, ತೊಳೆದೆ. ಶಾಂಪೂ ಮೊದಲು, ಕ್ರೀಮ್ ಇನ್ನೂ ಉಳಿದಿದ್ದಾಗ, ಗುಲಾಬಿ ನೊರೆ ಕೊಟ್ಟಿತು, ಕೊನೆಗೆ ಬಿಳಿಯಾಯಿತು, ಎಲ್ಲ ಸರಿಯೆಂದುಕೊಂಡೆ. ಒದ್ದೆಯಿದ್ದಾಗ ಚೆನ್ನಾಗಿಯೇ ಕಂಡಿತು. ಬಿಸಿಲಿಗೆ ಒಣಗುತ್ತಿದ್ದಂತೆ ಕೂದಲು ಎದ್ದಿತು ನೋಡು! ಹಿಂದೆ ಒಂದು ಹಿಡಿಯಷ್ಟು ಮಾತ್ರ ನೇರವಾಗಿ ಬಿದ್ದಿತ್ತು. ನೆತ್ತಿ, ಹಣೆ, ಎರಡೂ ಪಕ್ಕ ಮೊದಲಿನ ಗುಂಗುರೂ ಅಲ್ಲ, ನೇರವೂ ಅಲ್ಲ, ಒರಟಾಗಿ ಉಬ್ಬಿ ನಿಂತಿತ್ತು. ಟ್ರೂಡಿ ಕನ್ನಡಿ ನೋಡಿದಳು. ನನ್ನನ್ನು ಬೈಯಲಿಲ್ಲ. "ಅರ್ಧ ಬೆಂದಿದೆ ಅಪ್ಪಾ" ಎಂದಷ್ಟೇ ಹೇಳಿ ಟವೆಲ್ಲಿನಲ್ಲಿ ತಲೆ ಮುಚ್ಚಿಕೊಂಡು ಒಳಗೆ ಹೋದಳು. ಬೈದಿದ್ದರೆ ಒಳ್ಳೆಯದಿತ್ತು. ಸ್ವಲ್ಪ ಹೊತ್ತಿಗೆ ಬಾಗಿಲ ಹಿಂದಿನಿಂದಲೇ ಕೂಗಿ ಹೇಳಿದಳು, ತಾನು ವೇದಿಕೆ ಹತ್ತುವುದಿಲ್ಲವಂತೆ, ವಂದನೆಯನ್ನು ಬೇರೆ ಯಾರಾದರೂ ಹೇಳಲಿ ಎಂದು ಟೀಚರಿಗೆ ಚೀಟಿ ಬರೆಯುತ್ತಾಳಂತೆ. ಆ ಮಗು ಆ ವಂದನೆಯನ್ನು ಒಂದು ತಿಂಗಳು ಬಾಯಿಪಾಠ ಮಾಡಿತ್ತು, ನಾನು ಗಾರೆ ಕಲಸುತ್ತಲೇ ಅದನ್ನು ಕಲಿತುಬಿಟ್ಟಿದ್ದೆ.

ಆಗ ನಾನು ಮಾಡಹೊರಟದ್ದನ್ನು ಕೇಳಿದರೆ ನೀನು ಅಲ್ಲಿಂದಲೇ ಚಪ್ಪಲಿ ಎಸೆಯುತ್ತೀಯ. ಅದೇ ಸಂಜೆ ಜಂಕ್ಷನ್‌ವರೆಗೆ ನಡೆದುಹೋಗಿ ಅಂಥದೇ ಇನ್ನೊಂದು ಪೆಟ್ಟಿಗೆ ತಂದೆ. ಮೊದಲ ಕೈ ತೆಳುವಾದರೆ ಅದು ಪೂರ್ತಿ ಒಣಗುವ ಮೊದಲೇ ಎರಡನೆಯ ಕೈ ಕೊಡಬೇಕು, ಗಾರೆಯ ನಿಯಮ ಅದು. ಬಾಗಿಲು ತಟ್ಟಿ ಇನ್ನೊಂದು ಸಲ ಹಚ್ಚೋಣ ಎಂದೆ. ಟ್ರೂಡಿ ಕಣ್ಣೊರೆಸಿಕೊಂಡು ಓಡಿಬಂದು ಕುರ್ಚಿಯ ಮೇಲೆ ಕೂತಳು. ವ್ಯಾಸಲೀನ್ ಸವರಲು ಕೂದಲನ್ನು ಎತ್ತಿದೆ. ಎಡ ಕಿವಿಯ ಹಿಂದೆ ಚರ್ಮ ಕೆಂಪಗಾಗಿತ್ತು, ನನ್ನ ಬೆರಳು ತಾಗಿದ್ದೇ ಅವಳು ಹಲ್ಲು ಕಚ್ಚಿದಳು. ನೋವೆಂದರೆ ನಾನು ನಿಲ್ಲಿಸಿಬಿಡುತ್ತೇನೆ ಎಂದು ತಡೆದುಕೊಂಡಿದ್ದಳು. ಅಲ್ಲಿಗೆ ನನ್ನ ಮೇಸ್ತ್ರಿಗಿರಿ ಇಳಿಯಿತು. ಇದು ಗೋಡೆಯಲ್ಲ. ಗೊತ್ತಿರುವವರನ್ನು ಕೇಳದೆ ಇನ್ನೊಂದು ಹನಿ ಹಚ್ಚುವುದಿಲ್ಲ ಎಂದೆ. ಗೊತ್ತಿರುವವರು ಈ ಊರಿನಲ್ಲಿ ಯಾರಿದ್ದಾರೆ ಎಂದು ಅವಳು ಕೇಳಿದಳು. ಅಮ್ಮ ಒಳಗಿನಿಂದ ಕೆಮ್ಮಿದಳು. ಉತ್ತರ ನಮ್ಮ ಮೂವರಿಗೂ ಗೊತ್ತಿತ್ತು.

ಒಂದು ಕಾಲಕ್ಕೆ ಊರಿನ ಹೆಂಗಸರ ಕೂದಲು ನೇರ ಮಾಡುತ್ತಿದ್ದ ಐಸಿಲ್ಡಾಳ ಗೇಟಿನ ಮುಂದೆ ನಾನು ಕೊನೆಯ ಸಲ ನಿಂತದ್ದು ಐದು ವರ್ಷದ ಹಿಂದೆ, ನಿನ್ನ ತಂಗಿ ಮೆರ್ಲೀನಳ ಮದುವೆಯ ವಾರ. ಅವಳು ಕ್ರೀಮ್ ಹಚ್ಚಿ ತೊಳೆದ ಮೇಲೆ ನಿನ್ನ ಕತ್ತಿನ ಮೇಲಿನ ಕೂದಲು ಹಿಡಿಹಿಡಿಯಾಗಿ ಟವೆಲ್ಲಿಗೆ ಬಂದಿತ್ತು, ನೀನು ಮದುವೆಗೆ ಟೋಪಿ ಹಾಕಿಕೊಂಡು ಹೋದೆ. ಅಂದು ನಾನು ಆ ಗೇಟಿನಲ್ಲಿ ಕೂಗಾಡಿದ್ದನ್ನು ರಸ್ತೆಯ ಕೊನೆಯವರೆಗೂ ಜನ ಕೇಳಿದ್ದರು. ನಲ್ಲಿಯ ಬಳಿ ನೀನು ಹೇಳಿದ್ದನ್ನು ಉಳಿದವರು ಕೇಳಿದ್ದರು. ಒಂದೇ ತಿಂಗಳಲ್ಲಿ ಅವಳ ಜಗುಲಿಯ ಕುರ್ಚಿ ಖಾಲಿಯಾಯಿತು. ಕೂದಲು ಒಣಗಿಸುವ ಯಂತ್ರವನ್ನು ಮಾರಿದಳು. ಈಗ ಅವಳು ಐಸು ಮಾರುತ್ತಾಳೆ, ನಾಲ್ಕು ಮುದುಕಿಯರಿಗೆ ಜಡೆ ಹಾಕುತ್ತಾಳೆ, ಅಷ್ಟೇ. ಮಾರನೆಯ ದಿನ ಚರ್ಚ್ ಬಿಟ್ಟ ಮೇಲೆ ಟ್ರೂಡಿಯನ್ನು ಕರೆದುಕೊಂಡು, ತಲೆಗೆ ಸ್ಕಾರ್ಫ್ ಕಟ್ಟಿಸಿ, ಆ ಗೇಟಿಗೆ ಹೋಗಿ ನಿಂತೆ. ಹೋಗುವಾಗ ದಾರಿ ಎಷ್ಟು ಉದ್ದವಿತ್ತು ಎಂದು ನಿನಗೆ ಹೇಳಲಾರೆ.

ಅವಳು ಎದ್ದು ಬರಲಿಲ್ಲ, ಒಳಗೆ ಬಾ ಎಂದೂ ಹೇಳಲಿಲ್ಲ, ಹೋಗು ಎಂದೂ ಹೇಳಲಿಲ್ಲ. ಸ್ಕಾರ್ಫ್ ಬಿಚ್ಚು ಎಂದಳು. ಮೂರು ಮಾರು ದೂರದಿಂದಲೇ ಮಗುವಿನ ತಲೆಯನ್ನು ನೋಡಿದಳು. ನಾನು ಔಷಧದ ಕಥೆ ಹೇಳಿದೆ. ಅರ್ಧ ಬಾಟಲಿ ಎಂದಾಗ ಅವಳ ಮುಖದಲ್ಲಿ ನಗು ಬಂದು ಹೋಯಿತು. "ನೀನು ಮರಳಿಗೆ ಅರ್ಧ ಚೀಲ ಸಿಮೆಂಟ್ ಹಾಕಿ ಸಾಕು ಅಂತೀಯೇನಪ್ಪಾ?" ಎಂದು ಕೇಳಿದಳು. ಕ್ರೀಮ್ ಕೆಲಸ ಮಾಡುವುದೇ ಆ ಔಷಧದಿಂದ, ಅದು ಹದಕ್ಕೆ ಹಾಕುವ ನೀರಲ್ಲ ಎಂದು ವಿವರಿಸಿದಳು. ಆಮೇಲೆ ನಗು ಪೂರ್ತಿ ಹೋಯಿತು. ನನ್ನನ್ನು ಬಿಟ್ಟು ಟ್ರೂಡಿಯನ್ನೇ ಕೇಳಿದಳು: "ನಿನ್ನೆ ಬಿಟ್ರೆ ಇದಕ್ಕೆ ಮುಂಚೆ ಯಾವಾಗಾದ್ರೂ ಕ್ರೀಮ್ ಹಚ್ಚಿದ್ರಾ ಮಗಳೇ? ನಿನ್ನೆ ಒಂದು ಸಲಾನಾ, ಎರಡು ಸಲಾನಾ? ನಿಜ ಹೇಳು. ಹಿಂದೊಬ್ಳು ಇದೇ ಕುರ್ಚಿಲಿ ಕೂತು, ಕ್ರೀಮ್ ಹಚ್ಚಿ ಮೂರು ತಿಂಗಳಾಯ್ತು ಅಂದಿದ್ಳು. ಕೂದಲು ಬೇರೆ ಹೇಳ್ತು. ನಾನು ಅವಳ ಬಾಯಿ ನಂಬಿದೆ, ಕೂದಲು ನಂಬ್ಲಿಲ್ಲ. ಅದು ನನ್ ತಪ್ಪು." ಟ್ರೂಡಿ ಒಂದೇ ಸಲ ಎಂದು ಆಣೆಯಿಟ್ಟಳು. ನಾನು ನೆಲ ನೋಡುತ್ತಿದ್ದೆ.

ಮುಟ್ಟಲು ಅವಳೂ ಒಪ್ಪಲಿಲ್ಲ, ನಾನೂ ಕೇಳಲಿಲ್ಲ. ನಿನ್ನ ಮಾತು ಅವಳಿಗೂ ಗೊತ್ತು, ಊರಿಗೆಲ್ಲ ಗೊತ್ತು. "ಕೈ ನಿಂದು, ಬಾಯಿ ನಂದು" ಎಂದಳು. ಈ ಕೂದಲಿಗೆ ಆರು ವಾರವಾದರೂ ಬಿಡುವು ಕೊಡಬೇಕು, ಸಮಾರಂಭ ಇರುವುದರಿಂದ ಎರಡು ವಾರ ಕಾದು ನೋಡೋಣ, ಆಗಲೂ ಕೂದಲು ಒಪ್ಪಿದರೆ ಮಾತ್ರ ಎಂದಳು. ಮೊದಲ ಹಸಿ ಆರುವ ಮೊದಲೇ ಮೇಲೆ ಇನ್ನೊಂದು ಕೈ ಕೊಟ್ಟಿದ್ದರೆ ಬುಡದಿಂದ ಕಡಿದು ಬರುತ್ತಿತ್ತಂತೆ. ಎರಡು ವಾರವೂ ಅವಳು ಹೇಳಿದಂತೆ ನಡೆದೆವು. ಎರಡು ದಿನಕ್ಕೊಮ್ಮೆ ಕಂಡೀಷನರ್ ಮೆತ್ತಿ, ಪ್ಲಾಸ್ಟಿಕ್ ಚೀಲ ಕಟ್ಟಿ, ಅದರ ಮೇಲೆ ಬಿಸಿನೀರಲ್ಲಿ ಹಿಂಡಿದ ಟವೆಲ್ ಸುತ್ತುವುದು. ಕಾದ ಬಾಚಣಿಗೆ ಬೇಡ, ಬಿಗಿ ಜಡೆ ಬೇಡ, ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಬುಡಕ್ಕೆ ಬಿಡಿಸುವುದು, ಕೆರೆಯುವುದಂತೂ ಬೇಡವೇ ಬೇಡ. ಶಾಲೆಗೆ ಹೋಗುವಾಗ ಒದ್ದೆ ಕೂದಲನ್ನು ಕಂದು ಕಾಗದದ ಚೂರುಗಳಿಗೆ ಸುತ್ತಿ ಒಣಗಿಸಿದರೆ ನೇರವೂ ಗುಂಗುರೂ ಎರಡೂ ಒಂದೇ ಥರ ಸುರುಳಿಯಾಗಿ, ಒಳಗಿನ ಎಡವಟ್ಟು ಹೊರಗೆ ಕಾಣುವುದಿಲ್ಲ. ನಾನು ಆ ಕಾಗದ ಸುತ್ತುವುದರಲ್ಲಿ ಈಗ ಪಳಗಿದ್ದೇನೆ. ಕೆಲಸದ ಜಾಗದಲ್ಲಿ ಹುಡುಗರು ನನ್ನನ್ನು "ಮಿಸ್ ಲಿನ್ವಲ್, ನಮ್ದು ಯಾವಾಗ?" ಎಂದು ಕರೆಯಲು ಶುರು ಮಾಡಿದ್ದರು. ಕರೆಯಲಿ. ಅವರ ಗೋಡೆಗಳು ಸೊಟ್ಟ.

ಇಪ್ಪತ್ತೆಂಟನೇ ತಾರೀಕು, ಶನಿವಾರ ಬೆಳಿಗ್ಗೆ, ಐಸಿಲ್ಡಾ ತಾನಾಗಿಯೇ ನಮ್ಮ ಮನೆಗೆ ಬಂದಳು. ಅಮ್ಮ ಅವಳಿಗೆ ಒಳ್ಳೆಯ ಕುರ್ಚಿ ಹಾಕಿ, ಬುಲ್ಲಾ ರೊಟ್ಟಿ, ಬೆಣ್ಣೆಹಣ್ಣು ಕೊಟ್ಟಳು. ಅವಳು ಮುಟ್ಟಲಿಲ್ಲ, ಎರಡೂ ತೋಳನ್ನು ಎದೆಯ ಮೇಲೆ ಕಟ್ಟಿಕೊಂಡು ಕೂತಳು. ಮೊದಲು ಒದ್ದೆ ಕೂದಲಿನ ಒಂದು ಎಳೆ ಎಳೆಸಿದಳು. ಹಿಗ್ಗಿ ಮತ್ತೆ ಹಿಂದಕ್ಕೆ ಸರಿದರೆ ಜೀವ ಇದೆ, ಹಿಗ್ಗಿ ಅಲ್ಲೇ ಉಳಿದರೆ ಅಥವಾ ತುಂಡಾದರೆ ಎಲ್ಲ ಬಿಟ್ಟುಬಿಡಬೇಕು. ಹಿಂದಕ್ಕೆ ಸರಿಯಿತು. ಕಿವಿಯ ಹಿಂದಿನ ಕೆಂಪು ಪೂರ್ತಿ ಆರಿದೆಯೇ ಎಂದು ನೋಡಿಸಿದಳು. ಆಮೇಲೆ ಹೊಸ ಪೆಟ್ಟಿಗೆ ತೆಗೆಸಿ, ಇಡೀ ಬಾಟಲಿಯನ್ನು ನನ್ನ ಕೈಯಲ್ಲೇ ಸುರಿಸಿ, ತಳ ಅಲ್ಲಾಡಿಸಿ ಕೊನೆಯ ಹನಿಯವರೆಗೆ ಹಾಕಿಸಿದಳು. ಬಲಗಡೆಯ ಒಂದು ಸಣ್ಣ ಕುಚ್ಚಿಗೆ ಮಾತ್ರ ಮೊದಲು ಹಚ್ಚಿಸಿ ತೊಳೆಸಿದಳು. ಅವಳಿಗೂ ಟ್ರೂಡಿಗೂ ಮೊದಲೇ ಒಪ್ಪಂದವಾಗಿತ್ತು: ಕುಚ್ಚು ಕಡಿದು ಬಂದರೆ ಕಾಗದದ ಸುರುಳಿಯಲ್ಲೇ ವೇದಿಕೆ ಹತ್ತುವುದು, ಅಳುವಂತಿಲ್ಲ. ನಾನು ಆ ಕುಚ್ಚನ್ನು ಟವೆಲ್ಲಿನಲ್ಲಿ ಒತ್ತಿ ತೆಗೆದೆ. ಟವೆಲ್ ಖಾಲಿಯಿತ್ತು. ಕುಚ್ಚು ನೇರವಾಗಿ ಕೆನ್ನೆಯ ಮೇಲೆ ಬಿತ್ತು.

ಉಳಿದದ್ದಕ್ಕೆ ಕೈ ಹಾಕಿದೆ. ಹಿಂದೆ ಮೊದಲೇ ನೇರವಾಗಿದ್ದ ಭಾಗಕ್ಕೆ ಕ್ರೀಮ್ ತಾಗದಂತೆ ಕಂಡೀಷನರ್ ಮೆತ್ತಿದೆ. ಈ ಸಲ ಮುಂಭಾಗದಿಂದ ಶುರು. ಐಸಿಲ್ಡಾ ಗೋಡೆಯ ಗಡಿಯಾರ ನೋಡುತ್ತ ನಿಮಿಷ ಎಣಿಸುತ್ತಿದ್ದಳು. ನಾನು ಬಾಚಣಿಗೆಯ ಬೆನ್ನಿನಿಂದ ಒತ್ತಿ ಸವರುತ್ತಿದ್ದರೆ ಒಂದು ಸಲ ಎದ್ದೇ ನಿಂತಳು, ಅವಳ ಕೈ ನನ್ನ ಕೈವರೆಗೆ ಬಂತು, ಅಲ್ಲೇ ತಡೆದು ಮತ್ತೆ ಕಂಕುಳಿಗೆ ಸೇರಿಸಿಕೊಂಡಳು. "ಮೆತ್ತಗೆ ಕಣೋ. ಎಳೀಬೇಡ, ಸವರು. ಒತ್ತೋಕೆ ಅದೇನು ಗೋಡೆಯಾ?" ಎಂದಳು. ಐಯೋನಿ, ಕೆಲಸ ಗೊತ್ತಿರುವ ಕೈ ಸುಮ್ಮನೆ ಕೂತು ನೋಡುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತು. ನನ್ನ ಮುಂದೆ ಯಾರಾದರೂ ಸೊಟ್ಟ ಗಾರೆ ಬಳಿದರೆ ನನ್ನ ಮೈ ಉರಿಯುತ್ತದೆ. ಅವಳು ಅಷ್ಟು ಹೊತ್ತೂ ತೋಳು ಬಿಚ್ಚಲಿಲ್ಲ. ಹತ್ತು ನಿಮಿಷ ಆಗುವ ಮೊದಲೇ ಸಾಕು, ನೀರು ಎಂದಳು. ಟ್ಯಾಂಕಿನ ನೀರು ಖಾಲಿಯಾದರೂ ಚಿಂತೆಯಿಲ್ಲವೆಂದು ತೊಳೆದೆ, ಅಮ್ಮ ಅಂದು ಮಾತ್ರ ಗದರಲಿಲ್ಲ. ಗುಲಾಬಿ ನೊರೆ ಬಿಳಿಯಾದ ಮೇಲೂ ಇನ್ನೊಂದು ಸಲ ತೊಳೆಸಿದಳು.

ಒಣಗಿದ ಮೇಲೆ ಟ್ರೂಡಿ ಕನ್ನಡಿಯ ಮುಂದೆ ನಿಂತು ನಮ್ಮ ಮದುವೆಯ ಫೋಟೋವನ್ನು ಪಕ್ಕದಲ್ಲಿ ಹಿಡಿದುಕೊಂಡಳು. ಇನ್ನು ನಾನು ಬರೆಯುವುದಿಲ್ಲ, ಫೋಟೋ ಬಿಚ್ಚು. ಬುಧವಾರ ಅವಳು ವೇದಿಕೆ ಹತ್ತಿ ವಂದನೆಯನ್ನು ಒಂದಕ್ಷರ ತಪ್ಪದೆ ಹೇಳಿದಳು, ನಾನು ಕೆಳಗೆ ಕೂತು ಬಾಯೊಳಗೇ ಅವಳ ಜೊತೆ ಹೇಳುತ್ತಿದ್ದೆ. ಮುಗಿಯುವ ಮೊದಲು ಹಾಳೆಯಲ್ಲಿ ಇಲ್ಲದ ಒಂದು ಸಾಲು ಸೇರಿಸಿದಳು: ಇವತ್ತು ಇಲ್ಲಿ ಬರಲಾಗದೆ ದೂರದಲ್ಲಿ ದುಡಿಯುತ್ತಿರುವ ಅಮ್ಮಂದಿರಿಗೂ ವಂದನೆ. ನಾನು ಮೂಗು ಒರೆಸಿಕೊಂಡೆ, ಪಕ್ಕದವರಿಗೆ ಸಿಮೆಂಟ್ ಧೂಳಿನ ನೆಗಡಿ ಎಂದೆ. ಹಣೆಯ ಹತ್ತಿರ ಒಂದು ಎಳೆ ಇನ್ನೂ ಸ್ವಲ್ಪ ಗುಂಗುರಾಗಿಯೇ ಇದೆ, ಫೋಟೋದಲ್ಲಿ ನೋಡು. ಅಲ್ಲಿಗೆ ಮತ್ತೆ ಹಚ್ಚಲು ಐಸಿಲ್ಡಾ ಬಿಡಲಿಲ್ಲ. ನಿನಗೂ ಹಣೆಯ ಅದೇ ಜಾಗದಲ್ಲಿ ಹಾಗೇ ನಿಲ್ಲುತ್ತಿತ್ತು. ಗುರುತು ಹಿಡಿಯಲು ನನಗೆ ಅಷ್ಟೇ ಸಾಕಾಗಿತ್ತು.

ಅಮ್ಮ ನಿನಗೆ ಆಶೀರ್ವಾದ ಹೇಳಿದ್ದಾಳೆ, ಕೀಲುನೋವಿನ ಮುಲಾಮು ಕಳಿಸುವುದನ್ನು ಮರೆಯಬೇಡ ಎಂದೂ ಹೇಳಿದ್ದಾಳೆ. ಟ್ರೂಡಿ ಬೇರೆ ಪತ್ರ ಬರೆಯುತ್ತಾಳಂತೆ, ಅದರಲ್ಲಿ ನನ್ನನ್ನು ಎಷ್ಟು ಬೈಯುತ್ತಾಳೋ ದೇವರಿಗೇ ಗೊತ್ತು. ಊಟ ಬಿಡಬೇಡ, ಬೆನ್ನು ಬಗ್ಗಿಸಬೇಡ. ದೇವರು ನಿನ್ನನ್ನು ಚೆನ್ನಾಗಿಟ್ಟು ಬೇಗ ಮನೆಗೆ ಕಳಿಸಲಿ.

ನಿನ್ನವನೇ ಆದ
ಲಿನ್ವಲ್

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಬರೆಯದೆ ಇರಲಾಗಲಿಲ್ಲ. ಬಾಗಿಲ ಹಿಂದಿನ ಆ ಮೊಳೆಯ ಡಬ್ಬಿ, ಐಯೋನಿ. ಮೆರ್ಲೀನಳ ಮದುವೆಯ ಮೊದಲು ಟ್ಯಾಂಕಿಗೆ ಕಾಂಕ್ರೀಟ್ ಹಾಕುತ್ತಿದ್ದಾಗ ಅದು ಬಚ್ಚಲಿನ ಹಿಂದೆ ಬಿದ್ದಿತ್ತು, ನಾನೇ ಎತ್ತಿಕೊಂಡು ಮೊಳೆ ತುಂಬಿದೆ. ಅಂಚಿನಲ್ಲಿ ಕ್ರೀಮ್ ಇನ್ನೂ ಹಸಿಯಿತ್ತು, ನನ್ನ ಬೆರಳಿನ ಬಿರುಕು ಉರಿದದ್ದು ಈಗಲೂ ನೆನಪಿದೆ. ಅದಾಗಿ ಐದೇ ದಿನಕ್ಕೆ ನೀನು ಐಸಿಲ್ಡಾಳ ಕುರ್ಚಿಯಲ್ಲಿ ಕೂತದ್ದು. ಮನೆಯಲ್ಲಿ ಹಚ್ಚಿಕೊಂಡದ್ದು ಸರಿಬರಲಿಲ್ಲವೆಂದೇ ಹೋಗಿರಬೇಕು, ಟ್ರೂಡಿಯ ಹಾಗೆ. ನಾಚಿಕೆಗೆ ಮೂರು ತಿಂಗಳು ಎಂದಿರಬೇಕು. ನಿನ್ನನ್ನು ಬೈಯುವುದಿಲ್ಲ. ಟ್ರೂಡಿಗೆ ಮೊದಲು ಹಚ್ಚಿದ ಶನಿವಾರವೇ ನಾನೂ ಎರಡನೆಯ ಪೆಟ್ಟಿಗೆ ತಂದವನೇ. ಗೇಟಿನಲ್ಲಿ ಕೂಗಾಡಿದ್ದಕ್ಕೆ ನಾನು ಅವಳ ಕ್ಷಮೆ ಕೇಳಿದೆ. ಡಬ್ಬಿಯ ವಿಷಯ ಹೇಳಲಿಲ್ಲ, ಅದು ನೀನು ಹೇಳಬೇಕಾದದ್ದು. ಎಂಟು ವಾರಕ್ಕೆ, ಅಂದರೆ ಆಗಸ್ಟ್ ಕೊನೆಗೆ, ಟ್ರೂಡಿಯ ಬುಡದಲ್ಲಿ ಹೊಸ ಕೂದಲು ಬಂದಿರುತ್ತದೆ, ಅದಕ್ಕೆ ಮತ್ತೆ ಹಚ್ಚಬೇಕು. ಐಸಿಲ್ಡಾ ಹೋಗುವಾಗ ಗೇಟಿನ ಹತ್ತಿರ ನಿಂತು "ಐಯೋನಿ ಹೂಂ ಅಂದ್ರೆ ನಾನೇ ಹಚ್ತೀನಿ, ಇಲ್ಲಾಂದ್ರೆ ಹೀಗೇ ಕೈಕಟ್ಟಿ ಕೂತಿರ್ತೀನಿ" ಎಂದಳು. ಪತ್ರ ಇಲ್ಲಿಗೆ ಬರಲು ಹನ್ನೆರಡು ದಿನ ಬೇಕು. ಬೇಗ ಬರೆ. ನನಗಲ್ಲ, ಅವಳಿಗೆ.